ಬಟಾಣಿ ಹೊಲದ ತಾಯಿ

1936ರ ಮಾರ್ಚ್. ಕ್ಯಾಲಿಫೋರ್ನಿಯಾದಲ್ಲಿ ಬಿಡದೆ ಮಳೆ. ಸರ್ಕಾರದ ಪರವಾಗಿ ಒಂದು ತಿಂಗಳ ತಿರುಗಾಟ ಮುಗಿಸಿ ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ ಕಾರಿನಲ್ಲಿ ಮನೆಗೆ ಮರಳುತ್ತಿದ್ದರು. ನಿಪೋಮೊ ಊರಿನ ಹತ್ತಿರ ಬಟಾಣಿ ಬಿಡಿಸುವ ಕೂಲಿಗಳ ಬಿಡಾರ ಎಂಬ ಫಲಕ ಕಂಡಿತು. ತೆಗೆದ ಚಿತ್ರಗಳೇ ಬೇಕಾದಷ್ಟಿವೆ ಎಂದುಕೊಂಡು ಮುಂದೆ ಹೋದರು. ಫಲಕ ಮಾತ್ರ ಮನಸ್ಸು ಬಿಟ್ಟು ಹೋಗಲಿಲ್ಲ. ಇಪ್ಪತ್ತು ಮೈಲಿ ದಾಟಿದ ಮೇಲೆ ಗಾಡಿ ತಿರುಗಿಸಿದರು.

ಕೊರೆಯುವ ಚಳಿಗೆ ಬಟಾಣಿ ಬೆಳೆ ಸುಟ್ಟುಹೋಗಿತ್ತು. ಬಿಡಿಸಲು ಬಂದವರಿಗೆ ಕೂಲಿಯೂ ಇಲ್ಲ, ಕೂಳೂ ಇಲ್ಲ. ಗುಡಾರದಲ್ಲಿ 32 ವರ್ಷದ ತಾಯಿ. ಎರಡು ಮಕ್ಕಳು ಅವಳ ಎರಡು ಹೆಗಲಿಗೆ ಒರಗಿ ಮುಖ ತಿರುಗಿಸಿಕೊಂಡಿವೆ, ಮಡಿಲಲ್ಲಿ ಹಸುಗೂಸು. ತೋಳಿನ ಅಂಚು ಪಿಸಿದುಹೋಗಿದೆ. ಕೆನ್ನೆಗೆ ಬೆರಳು ತಾಗಿಸಿ ಎತ್ತಲೋ ನೋಡುತ್ತಿದ್ದಾಳೆ. ಲ್ಯಾಂಗ್ ಅಲ್ಲಿದ್ದದ್ದು ಹತ್ತೇ ನಿಮಿಷ. ಹತ್ತಿರ ಹತ್ತಿರ ಸರಿಯುತ್ತಾ ಕೆಲವೇ ಚಿತ್ರ ತೆಗೆದರು.

ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಸರ್ಕಾರ ಆ ಬಿಡಾರಕ್ಕೆ ಸುಮಾರು 9,000 ಕಿಲೋ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಕೆಲಸ ಹುಡುಕುತ್ತಾ ಬೇರೆ ಊರಿಗೆ ಹೋಗಿಯಾಗಿತ್ತು. ‘ವಲಸೆ ತಾಯಿ’ ಎಂದು ಲೋಕವೇ ಗುರುತಿಸುವ ಆ ಹೆಣ್ಣುಮಗಳ ಹೆಸರನ್ನು ಲ್ಯಾಂಗ್ ಕೇಳಿರಲೇ ಇಲ್ಲ. ಆಕೆ ಯಾರೆಂದು ಹೊರಗೆ ಗೊತ್ತಾದದ್ದು 1978ರಲ್ಲಿ. ಆ ಚಿತ್ರದಿಂದ ತನಗೆ ಕಾಸಿನ ಲಾಭವೂ ಆಗಲಿಲ್ಲ ಎಂದು ಆಕೆ ನೊಂದುಕೊಂಡಿದ್ದರು. ಲ್ಯಾಂಗ್ ಅವರನ್ನು ಎಷ್ಟು ಮೆಚ್ಚಿದರೂ ಈ ನೋವನ್ನು ಬದಿಗಿಡುವುದು ನನಗೆ ಸರಿ ಕಾಣುವುದಿಲ್ಲ. ಏಕೆಂದರೆ ಬೇರೆಲ್ಲೆಡೆ ಅವರು ಜನರ ಜೊತೆ ಕೂತು ಮಾತಾಡಿ, ಆ ಜನ ಆಡಿದ ಮಾತನ್ನೇ ಬರೆದುಕೊಂಡು ಚಿತ್ರದ ಜೊತೆಗಿಡುತ್ತಿದ್ದವರು. ಗಂಡ ಪಾಲ್ ಟೇಲರ್ ಜೊತೆ 1939ರಲ್ಲಿ ತಂದ ‘ಆನ್ ಅಮೆರಿಕನ್ ಎಕ್ಸೋಡಸ್’ ಪುಸ್ತಕದ ಜೀವಾಳವೇ ಆ ಮಾತುಗಳು.

ಲ್ಯಾಂಗ್ ಹುಟ್ಟಿದ್ದು 1895ರಲ್ಲಿ, ನ್ಯೂಜೆರ್ಸಿಯ ಹೊಬೋಕನ್‌ನಲ್ಲಿ. ಏಳನೇ ವಯಸ್ಸಿಗೆ ಪೋಲಿಯೊ ಬಂದು ಬಲಗಾಲು ಕುಂಟಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟುಡಿಯೋ ಇಟ್ಟು ಸಿರಿವಂತರ ಭಾವಚಿತ್ರ ತೆಗೆಯುತ್ತಿದ್ದವರು, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಕೆಲಸ ಕಳೆದುಕೊಂಡು ಅಲೆಯುವವರನ್ನು ಕಂಡು ಬೀದಿಗಿಳಿದರು. 1933ರಲ್ಲಿ ಉಚಿತ ರೊಟ್ಟಿಗಾಗಿ ನಿಂತವರ ಸಾಲಿನಲ್ಲಿ ತೆಗೆದ ಚಿತ್ರದಲ್ಲಿ ಎಲ್ಲರೂ ಅತ್ತ ತಿರುಗಿದ್ದರೆ, ಒಬ್ಬ ಮುದುಕ ಮಾತ್ರ ಇತ್ತ ತಿರುಗಿ ಕಟಕಟೆಗೆ ಮೊಣಕೈಯೂರಿ ನಿಂತಿದ್ದಾನೆ. ಟೋಪಿಯ ಅಂಚು ಕಣ್ಣು ಮುಚ್ಚಿದೆ. ತೋಳುಗಳ ನಡುವೆ ಖಾಲಿ ತಗಡಿನ ಡಬ್ಬಿ.

ಅವರ ಕೆಲಸದಲ್ಲಿ ನಾನು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವುದು 1942ರದ್ದು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ನಂತರ ಅಮೆರಿಕ ತನ್ನ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಸಾಗಿಸಿತು. ಅದನ್ನು ಚಿತ್ರಿಸಲು ಸರ್ಕಾರವೇ ಲ್ಯಾಂಗ್ ಅವರನ್ನು ನೇಮಿಸಿತು. ಮುಳ್ಳುತಂತಿ, ಕಾವಲು ಗೋಪುರ, ಬಂದೂಕು ಹಿಡಿದ ಸಿಪಾಯಿ, ಇವನ್ನು ತೆಗೆಯಕೂಡದು ಎಂಬ ಕಟ್ಟಳೆ. ಅವರು ಶಾಲೆಗೆ ಹೋದರು. ಎದೆಯ ಮೇಲೆ ಕೈಯಿಟ್ಟು ಅಮೆರಿಕದ ಧ್ವಜಕ್ಕೆ ಪ್ರತಿಜ್ಞೆ ಹೇಳುತ್ತಿದ್ದ ಪುಟ್ಟ ಹುಡುಗಿಯರನ್ನು ತೆಗೆದರು. ಸಾಮಾನಿನ ರಾಶಿಯ ಪಕ್ಕ, ಕೋಟಿಗೆ ನಂಬರಿನ ಚೀಟಿ ಕಟ್ಟಿಕೊಂಡು ಬಸ್ಸಿಗೆ ಕಾದಿದ್ದ ಕುಟುಂಬಗಳನ್ನು ತೆಗೆದರು.

ಬಟಾಣಿ ಹೊಲದ ಚಿತ್ರವನ್ನು ಊರೆಲ್ಲ ತೋರಿಸಿದ್ದ ಸರ್ಕಾರ ಯುದ್ಧ ಮುಗಿಯುವವರೆಗೆ ಇವನ್ನು ಮುಚ್ಚಿಟ್ಟಿತು. ಇವುಗಳ ದೊಡ್ಡದೊಂದು ಸಂಗ್ರಹ ಪುಸ್ತಕವಾಗಿ ಬಂದದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಲ್ಯಾಂಗ್ ತೀರಿಕೊಂಡು 41 ವರ್ಷವಾಗಿತ್ತು.