ಕಾಯಬೇಕಾದ ಕೈ

ಮೂತ್ರಪಿಂಡಗಳು ಸೋತ ರೋಗಿಯು ದೊಡವಾಡದಂಥ ಊರಿನಿಂದ ವಾರಕ್ಕೆ ಎರಡು ಮೂರು ಸಲ ಬಸ್ಸು ಹತ್ತಿ ಧಾರವಾಡಕ್ಕೋ ಬೆಳಗಾವಿಗೋ ಹೋಗಿ, ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಬದಿಗೆ ಮಲಗಿ, ರಕ್ತವನ್ನು ಶುದ್ಧ ಮಾಡಿಸಿಕೊಂಡು ಮರಳಬೇಕಾಗುತ್ತದೆ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು 2016ರಲ್ಲಿ ಆರಂಭವಾದಂದಿನಿಂದ ಬಡವರಿಗೂ ಈ ಚಿಕಿತ್ಸೆಯ ದಾರಿ ತೆರೆದಿರುವುದು ಸಂತೋಷದ ಸಂಗತಿ. ಆದರೆ ಯಂತ್ರವಿದ್ದೂ ರಕ್ತವು ಅದರತ್ತ ಹರಿಯುವ ದಾರಿಯೇ ಕೆಟ್ಟರೆ ಗತಿಯೇನು?

ಆ ದಾರಿಯು ರೋಗಿಯ ಕೈಯಲ್ಲಿಯೇ ಇದೆ. ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು; ಸಾಮಾನ್ಯ ನರದಿಂದ ಅಷ್ಟು ದೊರೆಯದು. ಆದುದರಿಂದ ಧಮನಿಯನ್ನು ಅಭಿಧಮನಿಗೆ ಶಸ್ತ್ರಕ್ರಿಯೆಯಿಂದ ಜೋಡಿಸುವರು. ಇದಕ್ಕೆ ಫಿಸ್ಟುಲಾ ಎಂದು ಹೆಸರು. ನ್ಯೂಯಾರ್ಕಿನ ವೈದ್ಯರಾದ ಬ್ರೆಶಿಯಾ, ಸಿಮಿನೊ ಮೊದಲಾದವರು 1966ರಲ್ಲಿ ಪ್ರಕಟಿಸಿದ ಈ ಉಪಾಯವು ಇಂದಿಗೂ ಹೆಚ್ಚು ಬಾಳಿಕೆಯುಳ್ಳದ್ದೆಂದು ಮಾನ್ಯವಾಗಿದೆ. ಅದು ಬಲಿಯಲು ಒಂದೂವರೆ ಎರಡು ತಿಂಗಳು ಬೇಕು. ಕೆಡಲು ಒಂದು ರಾತ್ರಿ ಸಾಕು.

ಅದು ಅಜ್ಞಾನದಿಂದಲೂ ಕೆಡುವುದುಂಟು. ಜ್ವರವೆಂದು ಬಂದವನ ಅದೇ ಕೈಗೆ ಸಲಾಯಿನ್ ಏರಿಸುವರು. ರಕ್ತದೊತ್ತಡ ಅಳೆಯಲು ಅದೇ ತೋಳಿಗೆ ಪಟ್ಟಿ ಬಿಗಿಯುವರು. ರೋಗಿಯೂ ಬಿಗಿಯಾದ ಬಳೆ ತೊಡುವನು ಇಲ್ಲವೆ ತೊಡುವಳು, ಜೋಳದ ಚೀಲ ಎತ್ತುವುದುಂಟು, ಆ ಕೈಯನ್ನೇ ದಿಂಬು ಮಾಡಿ ಮಲಗುವುದುಂಟು. ಇವೆಲ್ಲ ವರ್ಜ್ಯ.

ಪ್ರತಿದಿನ ಬೆಳಿಗ್ಗೆ ಆ ಸ್ಥಳದ ಮೇಲೆ ಬೆರಳಿಟ್ಟು ನೋಡಬೇಕು. ಝುಮ್ಮೆನ್ನುವ ಸ್ಪಂದನವಿದ್ದರೆ ಕ್ಷೇಮ. ಇಲ್ಲದಿದ್ದರೆ ಮುಂದಿನ ಪಾಳಿಯನ್ನು ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಕೆಂಪು, ಬಾವು, ಕೀವು, ಜ್ವರ ಕಂಡರೂ ಹಾಗೆಯೇ. ರಕ್ತ ಸೋರಿದರೆ ಬೆರಳಿನಿಂದ ಬಲವಾಗಿ ಒತ್ತಿ ಹಿಡಿದೇ ಹೊರಡಬೇಕು. ಸೂಜಿ ಚುಚ್ಚುವ ಮುನ್ನ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಕುತ್ತಿಗೆಯಲ್ಲಿ ನಳಿಕೆಯಿದ್ದವರು ಅದನ್ನು ನೀರಿಗೆ ಸೋಂಕಿಸಬಾರದು.

ದಾದಿಯರ ಮತ್ತು ವೈದ್ಯರ ಹೊಣೆಯು ಇದಕ್ಕಿಂತ ಕಡಿಮೆಯದಲ್ಲ. ಸೂಜಿಯ ಸ್ಥಳವನ್ನು ಸಲಸಲಕ್ಕೂ ಬದಲಿಸಬೇಕು. ಮೂತ್ರಪಿಂಡಗಳು ಕುಗ್ಗುತ್ತಿರುವವರಿಗೆ ರಕ್ತವನ್ನು ಹಸ್ತದ ಹಿಂಭಾಗದಿಂದಲೇ ತೆಗೆದು, ಮುಂದೆ ಬೇಕಾಗುವ ತೋಳಿನ ನರಗಳನ್ನು ಉಳಿಸಬೇಕು. ಡಯಾಲಿಸಿಸ್ ವಿಭಾಗದಲ್ಲಿ ಇದು ತಿಳಿದ ಮಾತೇ, ಆದರೆ ಊರ ದವಾಖಾನೆಯಲ್ಲಿಯೂ ಸೂಜಿ ಹಿಡಿಯುವ ಮೊದಲು "ಯಾವ ಕೈ?" ಎಂಬ ಪ್ರಶ್ನೆ ಬರಬೇಕು.

ದೊಡ್ಡವರೆದುರು ಮಾತಾಡಬಾರದೆಂಬ ಸಂಕೋಚದಿಂದ ನಮ್ಮ ಹಳ್ಳಿಯವನು ಸುಮ್ಮನೆ ಕೈ ಚಾಚುವನು. "ಈ ಕೈ ಬೇಡ್ರಿ, ಆ ಕೈಗೆ ಹಚ್ಚ್ರಿ" ಎನ್ನುವ ಧೈರ್ಯವನ್ನು ಅವನಿಗೆ ಮನೆಯವರೂ ವಿದ್ಯಾವಂತರೂ ಕಲಿಸಬೇಕು. ಹಾಗೆಂದವನನ್ನು ಗದರಿಸದೆ ಕೇಳುವ ಸೌಜನ್ಯವನ್ನು ಅಧಿಕಾರಿಗಳು ತಮ್ಮ ಸಿಬ್ಬಂದಿಗೆ ಕಲಿಸಬೇಕು. ಇದಕ್ಕೆ ಖರ್ಚಿಲ್ಲ, ಉಳಿಯುವುದು ಒಂದು ಪ್ರಾಣ.