ಪೊಲೀಸರಿಲ್ಲದ ‘ಪೊಲೀಸ್ ಕಾರ್ಯಾಚರಣೆ’: ಸೊಲ್ಲಾಪುರ–ಹೈದರಾಬಾದ್ ದಾರಿಯ ಐದು ದಿನಗಳು

ನಾನು ಆರಿಸಿಕೊಂಡ ವಿಷಯ ಪ್ರಾದೇಶಿಕ ಭದ್ರತೆ ಮತ್ತು ಆಧುನಿಕ ಯುದ್ಧತಂತ್ರ. ಕನ್ನಡ ಎಂ.ಎ. ಓದುವವನಿಗೆ ಯುದ್ಧತಂತ್ರದ ಉಸಾಬರಿ ಯಾಕೆ ಅಂತ ಕೆಲವರಿಗೆ ಅನಿಸಬಹುದು. ನಾನು ಅಕ್ಕಲಕೋಟ ಕಡೆಯವನು. ನಮ್ಮ ಜಿಲ್ಲೆಯ ಒಂದು ಹೆದ್ದಾರಿ ಮೇಲೆ, 1948ರ ಸೆಪ್ಟೆಂಬರ್‌ನಲ್ಲಿ, ಸ್ವತಂತ್ರ ಭಾರತದ ಟ್ಯಾಂಕುಗಳು ಒಂದು ಇಡೀ ಸಂಸ್ಥಾನವನ್ನು ಗೆಲ್ಲಲು ಹೊರಟವು. ಅದನ್ನು ನಾವು ಇವತ್ತಿಗೂ ‘ಪೊಲೀಸ್ ಆಕ್ಷನ್’ ಅಂತೀವಿ.

ಈ ಹೆಸರಿನ ಬಗ್ಗೆ ನನಗೆ ಮೊದಲು ಅನುಮಾನ ಹುಟ್ಟಿಸಿದವರು ನಮ್ಮ ಮುತ್ಯಾ. ಆಗ ಅವರಿಗೆ ಹತ್ತು ವರ್ಷ. ನಳದುರ್ಗದ ದಾರಿಯ ಮೇಲಿದ್ದ ಸೋದರಮಾವನ ಊರಿನಲ್ಲಿದ್ದರು. ಶಾಲೆಯ ಪುಸ್ತಕದಲ್ಲಿ ಪೊಲೀಸ್ ಕಾರ್ಯಾಚರಣೆ ಅಂತ ನಾನು ಗಟ್ಟಿಯಾಗಿ ಓದುತ್ತಿದ್ದಾಗ ಅವರು ನಕ್ಕರು. “ಪೊಲೀಸರು ಎಲ್ಲಿ ಬಂದಿದ್ರೋ ತಮ್ಮಾ? ಬಂದದ್ದು ಟ್ಯಾಂಕು. ನೆಲಾ ನಡುಗತಿತ್ತು. ಪೊಲೀಸರ ಕೈಯಾಗ ಲಾಠಿ ಇರ್ತದ.”

ಇವತ್ತಿನ ನನ್ನ ಮಾತಿನ ಬೀಜ ಇದೇ. ಆ ಐದು ದಿನ ನಡೆದದ್ದು ಆಧುನಿಕ ಅರ್ಥದ ಯುದ್ಧ. ಅದಕ್ಕೊಂದು ನಕ್ಷೆ ಇತ್ತು, ವೇಗ ಇತ್ತು, ವಿಮಾನ ಇದ್ದವು. ದಾರಿ ಗೆಲ್ಲುವ ಯೋಜನೆ ಬಹಳ ಚೆನ್ನಾಗಿ ಕೆಲಸ ಮಾಡಿತು. ದಾರಿಯ ಎಡಬಲದ ಹಳ್ಳಿಗಳನ್ನು ಕಾಯುವ ಯೋಜನೆ ಅಷ್ಟು ಗಟ್ಟಿಯಾಗಿರಲಿಲ್ಲ. ಅದರ ಬೆಲೆ ತೆತ್ತವರು ಸೈನಿಕರಲ್ಲ.

ಭದ್ರತೆಗೆ ಬೆದರಿಕೆ: ಮೂರು ಬಗೆ

ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. 8 ತೆಲುಗು, 5 ಮರಾಠಿ, 3 ಕನ್ನಡ. ಕನ್ನಡದ್ದು ಬೀದರ್, ಗುಲಬರ್ಗಾ, ರಾಯಚೂರು. ಜನಸಂಖ್ಯೆ ಸುಮಾರು ಒಂದೂವರೆ ಕೋಟಿಗೂ ಮೇಲೆ. ಸಮುದ್ರವಿಲ್ಲ, ನಾಲ್ಕೂ ದಿಕ್ಕಿಗೆ ಭಾರತದ ನೆಲ. 1947ರ ನವೆಂಬರ್ 29ರಂದು ಭಾರತ ಮತ್ತು ನಿಜಾಮರ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಅದು ಎರಡೂ ಕಡೆಗೆ ಉಸಿರು ಬಿಡುವ ಹೊತ್ತು, ಅಷ್ಟೇ.

ಬೆದರಿಕೆಯನ್ನು ಮೂರಾಗಿ ಬಿಡಿಸಿ ನೋಡಬಹುದು. ಒಂದು, ನಿಜಾಮರ ಕಾಯಂ ಸೈನ್ಯ. ಮೇಜರ್ ಜನರಲ್ ಎಲ್ ಎದ್ರೂಸ್ ಅದರ ದಂಡನಾಯಕರು, ಬಲ ಸುಮಾರು 22,000. ಎರಡು, ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜ್ವಿಯ ರಜಾಕಾರರು. ಇವರ ಸಂಖ್ಯೆ ಎರಡು ಲಕ್ಷದವರೆಗೆ ಹೇಳುತ್ತಾರೆ. ಸಮವಸ್ತ್ರ ಇದ್ದರೂ ಸೈನ್ಯದ ಶಿಸ್ತು ಇರಲಿಲ್ಲ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಇವರು ಮಾಡಿದ ಕಗ್ಗೊಲೆಯನ್ನು ಆ ಸೀಮೆ ಮರೆತಿಲ್ಲ. ಅದೇ ತಿಂಗಳ 22ಕ್ಕೆ ಗಾಣಗಾಪುರ ಸ್ಟೇಷನ್‌ನಲ್ಲಿ ಮದರಾಸು–ಮುಂಬೈ ಮೇಲ್ ರೈಲಿನ ಮೇಲೆ ದಾಳಿ ಆಯಿತು. ಗಡಿಯ ಈಚೆ ಇದ್ದ ನಮ್ಮ ಜನ ಹತ್ತುತ್ತಿದ್ದ ರೈಲು ದಾರಿಯೇ ಅದು. ಮೂರು, ಹೊರಗಿನ ಕೈ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನ ಚಾಲಕ ಕರಾಚಿಯಿಂದ ರಾತ್ರಿ ಹೊತ್ತು ಶಸ್ತ್ರಾಸ್ತ್ರ ತಂದಿಳಿಸುತ್ತಿದ್ದ. ಆಗಸ್ಟ್‌ನಲ್ಲಿ ನಿಜಾಮರ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಆ ಕಡೆ ಕಾಶ್ಮೀರದಲ್ಲಿ ಯುದ್ಧ ನಡೆದೇ ಇತ್ತು.

ಈ ಮೂರನ್ನು ಬೇರೆ ಬೇರೆ ಇಟ್ಟು ನೋಡಬೇಕು ಅಂತ ನಾನು ಒತ್ತಿ ಹೇಳ್ತೀನಿ. ಮೊದಲನೆಯದಕ್ಕೆ ಟ್ಯಾಂಕು ಉತ್ತರ. ಮೂರನೆಯದಕ್ಕೆ ವೇಗ ಉತ್ತರ. ಎರಡನೆಯದು, ಹಳ್ಳಿಯೊಳಗೇ ಇರುವ ಬಂದೂಕು, ಇವೆರಡಕ್ಕೂ ಬಗ್ಗುವಂಥದ್ದಲ್ಲ.

ದಾರಿ, ಸೇತುವೆ, ಎರೆ ಮಣ್ಣು

ಯೋಜನೆ ಮೊದಲು ರೂಪಿಸಿದವರು ದಕ್ಷಿಣ ಕಮಾಂಡಿನ ಲೆಫ್ಟಿನೆಂಟ್ ಜನರಲ್ ಗಾಡರ್ಡ್. ಎರಡು ಮುಖ್ಯ ಹೊಡೆತ: ಪಶ್ಚಿಮಕ್ಕೆ ಸೊಲ್ಲಾಪುರದಿಂದ, ಪೂರ್ವಕ್ಕೆ ವಿಜಯವಾಡದಿಂದ. ಉಳಿದ ಗಡಿಗಳಲ್ಲಿ ಸಣ್ಣ ಪಡೆಗಳು ಒಳಗೆ ನುಗ್ಗಿ ಎದುರಾಳಿಯ ಗಮನ ಹರಿದು ಹಂಚುವುದು. ತುಂಗಭದ್ರೆಯ ಕಡೆಯಿಂದಲೂ ಒಂದು ಪಡೆ ಸೇತುವೆ ಹಿಡಿಯಿತು. ಜಾರಿಗೆ ಬಂದಾಗ ಕಮಾಂಡಿನ ಹೊಣೆ ಲೆಫ್ಟಿನೆಂಟ್ ಜನರಲ್ ರಾಜೇಂದ್ರಸಿಂಹಜಿ ಅವರದು, ಸೊಲ್ಲಾಪುರ ಕಡೆಯ ನಾಯಕತ್ವ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರದು. ಇವರೇ 1965ರ ಯುದ್ಧದ ಹೊತ್ತಿಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು.

ಸೊಲ್ಲಾಪುರವೇ ಯಾಕೆ? ದೊಡ್ಡ ರೈಲು ನಿಲ್ದಾಣ ಇತ್ತು, ಟ್ಯಾಂಕು, ಇಂಧನ, ಮದ್ದುಗುಂಡು ತಂದಿಳಿಸಬಹುದಿತ್ತು. ಅಲ್ಲಿಂದ ಹೈದರಾಬಾದಿಗೆ ಸುಮಾರು 300 ಕಿಲೋಮೀಟರ್ ನೇರ ರಸ್ತೆ. ಇನ್ನೊಂದು ಸಂಗತಿ ನಮ್ಮ ಕಡೆಯ ಯಾವ ರೈತನಾದರೂ ಹೇಳ್ತಾನೆ. ಸೆಪ್ಟೆಂಬರ್ ಅಂದರೆ ಮಳೆಗಾಲ. ಎರೆ ಹೊಲದಲ್ಲಿ ಎತ್ತಿನ ಗಾಡಿ ಇಳಿದರೇ ಗಾಲಿ ಮೇಲೇಳೋದಿಲ್ಲ, ಇನ್ನು ಟ್ಯಾಂಕಿನ ಮಾತು ಕೇಳಬೇಕೇ? ಹಾಗಾಗಿ ಎಲ್ಲವೂ ರಸ್ತೆ ಮತ್ತು ಸೇತುವೆಗಳ ಮೇಲೆ ನಿಂತಿತ್ತು. ರಸ್ತೆ ಹಿಡಿದವನೇ ಗೆದ್ದ.

ಸೆಪ್ಟೆಂಬರ್ 13ರ ನಸುಕಿನಲ್ಲಿ ದಂಡು ಗಡಿ ದಾಟಿತು. ಮೊದಲ ಪರೀಕ್ಷೆ ಸೊಲ್ಲಾಪುರದಿಂದ ಸುಮಾರು 45 ಕಿಲೋಮೀಟರ್ ದೂರದ ನಳದುರ್ಗದಲ್ಲಿ. ಅಲ್ಲಿಯ ಕೋಟೆಯಲ್ಲಿ ಬೋರಿ ನದಿಗೆ ಅಡ್ಡ ಕಟ್ಟಿದ ಪಾನಿ ಮಹಲ್ ಇದೆ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ್ದು. ಕೋಟೆ ನೋಡಲು ಹೋದವರು ನೀರು ಧುಮುಕುವುದನ್ನು ನೋಡಿ ಬರ್ತೀವಿ. 1948ರಲ್ಲಿ ಬೇಕಾಗಿದ್ದದ್ದು ಆ ನದಿಯ ಸೇತುವೆ. ಎದುರಾಳಿ ಅದನ್ನು ಸಿಡಿಸುವ ಮೊದಲೇ 7ನೇ ಬ್ರಿಗೇಡಿನವರು ಏಕಾಏಕಿ ಎರಗಿ ಹಾಳಾಗದಂತೆ ಹಿಡಿದರು. ಅದೇ ದಿನ ಮಧ್ಯಾಹ್ನದ ನಂತರ ಟ್ಯಾಂಕುಗಳು ಉಮರ್ಗಾ ತಲುಪಿದವು. ಪೂರ್ವದಲ್ಲಿ ಇದಕ್ಕೆ ತಿರುಗುಮುರುಗು ಆಯಿತು: ಸೂರ್ಯಾಪೇಟೆ ಬಳಿ ಮೂಸಿ ನದಿಯ ಸೇತುವೆಯನ್ನು ನಿಜಾಮರ ಕಡೆಯವರು ಒಡೆದರು. ಒಂದು ಸೇತುವೆ ಉಳಿಯಿತು, ಒಂದು ಬಿತ್ತು. ಯುದ್ಧತಂತ್ರ ಅಂದರೆ ಎಷ್ಟೋ ಸಲ ಇಷ್ಟೇ.

14ರಂದು ರಾಜೇಶ್ವರದ ಹತ್ತಿರ ಹೊಂಚು ಹಾಕಿ ಕೂತಿದ್ದವರನ್ನು ವಿಮಾನದಿಂದ ನೋಡಿ ಗುರುತಿಸಿ, ಟೆಂಪೆಸ್ಟ್ ಯುದ್ಧವಿಮಾನಗಳಿಂದ ಹೊಡೆದು ದಾರಿ ಬಿಡಿಸಿದರು. ಮೇಲಿನಿಂದ ನೋಡು, ಮೇಲಿನಿಂದ ಹೊಡೆ, ಆಮೇಲೆ ನೆಲದ ಮೇಲೆ ಮುಂದೆ ಸಾಗು. ಇವತ್ತಿನ ಡ್ರೋನ್ ಯುದ್ಧದ ವ್ಯಾಕರಣವೂ ಹೆಚ್ಚುಕಡಿಮೆ ಇದೇ. 16ರಂದು ಜಹೀರಾಬಾದ್ ಕಡೆಗೆ ಹೊರಟವರನ್ನು ನೆಲಬಾಂಬುಗಳು ತಡೆದವು. 17ರಂದು ಬೀದರ್ ಕೈಗೆ ಬಂತು. ಅದೇ ಸಂಜೆ ನಿಜಾಮರು ರೇಡಿಯೋದಲ್ಲಿ ಕದನ ನಿಲ್ಲಿಸಿದ್ದನ್ನು ಸಾರಿದರು. 18ರಂದು ಎಲ್ ಎದ್ರೂಸ್ ಚೌಧುರಿಯವರಿಗೆ ಶರಣಾದರು. ಕದನ ನಿಲ್ಲುವ ಹೊತ್ತಿಗೆ ಐದು ದಿನ ಪೂರ್ತಿ ತುಂಬಿರಲಿಲ್ಲ.

ಈ ಆತುರಕ್ಕೂ ಕಾರಣವಿದೆ. ಹೈದರಾಬಾದಿನ ಪ್ರಶ್ನೆ ಭದ್ರತಾ ಮಂಡಳಿಯ ಮುಂದೆ ಬಂದದ್ದು ಸೆಪ್ಟೆಂಬರ್ 16ಕ್ಕೆ. ಅಲ್ಲಿ ಚರ್ಚೆ ಬಿಸಿಯೇರುವ ಮೊದಲೇ ಇಲ್ಲಿ ಕೆಲಸ ಮುಗಿದಿತ್ತು. ‘ಪೊಲೀಸ್’ ಅನ್ನುವ ಹೆಸರೂ ಅದೇ ತಂತ್ರದ ಒಂದು ಭಾಗ. ಯುದ್ಧ ಅಂದರೆ ಎದುರಿಗೆ ಇನ್ನೊಂದು ದೇಶ ಇದೆ ಅಂತ ಒಪ್ಪಿಕೊಂಡ ಹಾಗೆ. ಪೊಲೀಸ್ ಅಂದರೆ ಇದು ನಮ್ಮ ಮನೆಯೊಳಗಿನ ಶಾಂತಿ ಸುವ್ಯವಸ್ಥೆಯ ಮಾತು. ಸೈನ್ಯಕ್ಕೆ ಅದರ ಹೆಸರು ‘ಆಪರೇಷನ್ ಪೋಲೊ’, ಲೋಕಕ್ಕೆ ಪೊಲೀಸ್ ಕಾರ್ಯಾಚರಣೆ.

ದಾರಿ ಗೆದ್ದ ಮೇಲೆ

ಭಾರತೀಯ ಸೇನೆಯ ಕಡೆ ಸತ್ತವರ ಸಂಖ್ಯೆ ನೂರು ಮುಟ್ಟಲಿಲ್ಲ. ಸೈನಿಕ ಲೆಕ್ಕದಲ್ಲಿ ಇದು ಅಗ್ಗದ ಗೆಲುವು. ಆದರೆ ಲೆಕ್ಕ ಅಲ್ಲಿಗೆ ಮುಗಿಯೋದಿಲ್ಲ.

ರಜಾಕಾರರು ಶರಣಾಗಲು ಸಾಲಾಗಿ ನಿಂತ ಸೈನ್ಯವಲ್ಲ. ಸೋತ ಮೇಲೆ ಅವರು ಊರುಗಳಲ್ಲಿ ಕರಗಿದರು. ಅಲ್ಲಿಯವರೆಗೆ ಹಾವಳಿ ತಿಂದಿದ್ದವರ ಸಿಟ್ಟು ರಜಾಕಾರರನ್ನು ಹುಡುಕುತ್ತಾ, ರಜಾಕಾರರೇ ಅಲ್ಲದ ಮುಸ್ಲಿಂ ನೆರೆಹೊರೆಯ ಮೇಲೆ ಬಿತ್ತು. ಭಾರತ ಸರ್ಕಾರವೇ ಪಂಡಿತ್ ಸುಂದರ್‌ಲಾಲ್, ಕಾಜಿ ಅಬ್ದುಲ್ ಗಫಾರ್ ಮುಂತಾದವರನ್ನು ಕಳಿಸಿತು. ಅವರು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಜಿಲ್ಲೆ ಜಿಲ್ಲೆ ಸುತ್ತಿದರು. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆನಂತರ ಸತ್ತವರು 27,000ದಿಂದ 40,000 ಅಂತ ಅವರ ಅಂದಾಜು. ಅತಿ ಹೆಚ್ಚು ನೊಂದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಕೆಲವು ಕಡೆ ಸೈನಿಕರು, ಪೊಲೀಸರು ಲೂಟಿಯಲ್ಲಿ ಸೇರಿದ್ದನ್ನೂ, ಬೇರೆ ಕಡೆ ಸೇನಾಧಿಕಾರಿಗಳು ಮುಸ್ಲಿಮರನ್ನು ಕಾಪಾಡಿದ್ದನ್ನೂ ವರದಿ ಹೇಳುತ್ತದೆ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಸಾರ್ವಜನಿಕರು ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ನೋಡುವಂತಾದದ್ದು 2013ರಲ್ಲಿ.

ಈಗ ನಕ್ಷೆ ತೆಗೆದು ನೋಡಿ. ನಳದುರ್ಗ, ಉಮರ್ಗಾ ಆಗಿನ ಉಸ್ಮಾನಾಬಾದ್ ಜಿಲ್ಲೆಯವು. ರಾಜೇಶ್ವರ ಬೀದರ್ ಜಿಲ್ಲೆಯದು. ನಾಲ್ಕರಲ್ಲಿ ಎರಡು ಜಿಲ್ಲೆ ಟ್ಯಾಂಕು ಹೋದ ದಾರಿಯ ಮೇಲೇ ಇವೆ. ನನ್ನ ಓದು ಹೀಗಿದೆ: ವೇಗವೇ ಮುಖ್ಯವಾದಾಗ ಸೈನ್ಯ ಮುಂದೆ ಹೋಗುತ್ತದೆ, ಹಿಂದೆ ಹಳೆಯ ಅಧಿಕಾರ ಬಿದ್ದು ಹೊಸದು ಬಾರದ ಒಂದು ಖಾಲಿ ಜಾಗ ಉಳಿಯುತ್ತದೆ. ನಿಜವಾಗಿ ಪೊಲೀಸರು ಬೇಕಾಗಿದ್ದದ್ದು ಆಗ, ಅಲ್ಲಿ. ಹೆಸರು ಪೊಲೀಸಿನದು, ಇಲ್ಲದೆ ಹೋದದ್ದೂ ಪೊಲೀಸೇ.

ಇದು ಹಳೆಯ ಕತೆ ಮಾತ್ರ ಅಲ್ಲ. 2003ರಲ್ಲಿ ಅಮೆರಿಕದ ಪಡೆಗಳು ಮಾರ್ಚ್ 20ಕ್ಕೆ ಇರಾಕಿನ ಮೇಲೆ ಯುದ್ಧ ಶುರು ಮಾಡಿ ಏಪ್ರಿಲ್ 9ಕ್ಕೆ ಬಾಗ್ದಾದ್ ಹಿಡಿದವು. ಮೇ ತಿಂಗಳಲ್ಲಿ ಇರಾಕಿನ ಸೈನ್ಯವನ್ನೇ ವಿಸರ್ಜಿಸಿದರು. ರಾಜಧಾನಿ ಮೂರು ವಾರದಲ್ಲಿ ಸಿಕ್ಕಿತು, ಊರುಕೇರಿಯ ಶಾಂತಿ ವರ್ಷಗಟ್ಟಲೆ ಸಿಗಲಿಲ್ಲ. ಎರಡೂ ಒಂದೇ ಅಂತ ನಾನು ಹೇಳೋದಿಲ್ಲ, ಕಾರಣಗಳು ಬೇರೆ. ಆದರೆ ರಾಜಧಾನಿ ಹಿಡಿಯೋದು ಮತ್ತು ಜನರನ್ನು ಕಾಯೋದು ಎರಡು ಬೇರೆ ಯೋಜನೆ ಬೇಡುವ ಕೆಲಸಗಳು ಅನ್ನೋದು ಎರಡೂ ಕಡೆ ಕಾಣುತ್ತದೆ.

ಗಡಿಯವರ ಮಾತಿನಲ್ಲಿ

ಕೊನೆಗೆ ನಮ್ಮ ವಿಭಾಗದ ಮಾತು. ಅಕ್ಕಲಕೋಟ ಸಂಸ್ಥಾನ ಅದೇ 1948ರಲ್ಲಿ, ಕಾರ್ಯಾಚರಣೆಗೆ ಕೆಲವೇ ತಿಂಗಳು ಮುಂಚೆ, ಮುಂಬೈ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಬೀದರ್, ಗುಲಬರ್ಗಾ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು, ನಾವು ಈಚೆ ಉಳಿದೆವು. ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಧ್ವಜ ಏರುತ್ತದೆ. ಅಕ್ಕಲಕೋಟೆಯ ಕನ್ನಡ ಶಾಲೆಯ ಮಕ್ಕಳಿಗೆ ಆ ದಿನ ಎರಡೂ ರಾಜ್ಯದ ಪಾಠದ ನಡುವೆ ಜಾರಿಹೋಗುತ್ತದೆ. ಅದರ ನೆನಪು ಉಳಿದಿರುವುದು ಮನೆಯ ಮಾತಿನಲ್ಲಿ. ಆ ಮಾತಿನಲ್ಲಿ ಎರಡು ಶಬ್ದ ಬೇರೆ ಬೇರೆಯಾಗಿವೆ: ಮೊದಲಿನದಕ್ಕೆ ‘ಹಾವಳಿ’, ಆಮೇಲಿನದಕ್ಕೆ ‘ಗದ್ದಲ’. ಸೆಪ್ಟೆಂಬರ್ 17ರ ಮುಂಚಿನ ಹಾವಳಿಯ ಬಗ್ಗೆ ಹಿರಿಯರು ತಾವಾಗಿಯೇ ಹೇಳ್ತಾರೆ. ಗದ್ದಲದ ಬಗ್ಗೆ ಕೇಳಿದರೆ ಚಹಾ ತರಿಸ್ತಾರೆ. ನಮ್ಮ ಮುತ್ಯಾ ಒಂದೇ ಸಲ ಬಾಯಿ ಬಿಟ್ಟರು: “ನನ್ನ ಜೋಡಿ ಗೋಲಿ ಆಡೋ ಹುಡುಗ ಒಬ್ಬ ಇದ್ದ. ಟ್ಯಾಂಕ್ ಹೋದ ಮ್ಯಾಲ ಅವರ ಮನಿ ಬಾಗಿಲಾ ತೆರೀಲಿಲ್ಲ.” ಹೆಸರು ಕೇಳಿದೆ. ಹೇಳಲಿಲ್ಲ.

ಇಲ್ಲಿಗೆ ನನ್ನ ಪ್ರಬಂಧ ಮುಗಿಯಿತು.

ಚರ್ಚೆಯಿಂದ

ಒಬ್ಬ ಪ್ರಾಧ್ಯಾಪಕರು ಕೇಳಿದರು: “ಹಾಗಾದರೆ ವಿಮೋಚನೆ ಅನ್ನಬಾರದು ಅಂತೀಯೇನಪ್ಪ? ಗೋರ್ಟಾದವರಿಗೆ ಅದು ವಿಮೋಚನೆಯೇ ಅಲ್ಲವೇ?”

ಹೌದು ಸರ್, ಅವರಿಗೆ ವಿಮೋಚನೆಯೇ. ಆ ಶಬ್ದ ತೆಗೆಯಿರಿ ಅಂತ ನಾನು ಹೇಳೋದಿಲ್ಲ. ಸೈನ್ಯ ಬಾರದಿದ್ದರೆ ರಜಾಕಾರರನ್ನು ತಡೆಯುವವರು ಯಾರಿದ್ದರು ಅನ್ನೋ ಪ್ರಶ್ನೆಗೂ ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ನಾನು ಕೇಳೋದು ಇಷ್ಟೇ: ವಿಮೋಚನೆ ಅಂತ ಬರೆಯುವ ಪುಟದಲ್ಲೇ ಆ ನಾಲ್ಕು ಜಿಲ್ಲೆಯ ಹೆಸರನ್ನೂ ಬರೆಯೋಣ. ನಮ್ಮ ನಮ್ಮ ಊರಿನಲ್ಲಿ ಆಗಿನ ಕಾಲ ಕಂಡವರು ಇನ್ನು ಬೆರಳೆಣಿಕೆಯಷ್ಟು ಮಂದಿ. ಹಾವಳಿ, ಗದ್ದಲ ಎರಡನ್ನೂ ಅವರ ಬಾಯಿಂದ ಕೇಳಿ ಬರೆದಿಟ್ಟುಕೊಳ್ಳೋದು ನಮ್ಮಂಥ ಗಡಿನಾಡ ಕನ್ನಡ ವಿದ್ಯಾರ್ಥಿಗಳಿಂದ ಆಗುವ ಕೆಲಸ.