ಸಾಕುಮೊಲದ ಹಿಕ್ಕೆ

ಹೈದರಾಲಿಯ ಜನ್ಮಸ್ಥಳವೆಂದು ಚರಿತ್ರೆಯಲ್ಲಿ ಹೆಸರಾದ ಬೂದಿಕೋಟೆಯ ಬಂಡೆಗುಡ್ಡಗಳಲ್ಲಿಯೂ ರಾಗಿಯ ಹೊಲಗಳಲ್ಲಿಯೂ ಸಂಚರಿಸುವ ಕಾಡುಮೊಲವೂ, ಮನೆಯಲ್ಲಿ ಮಕ್ಕಳ ಅಕ್ಕರೆಗೆ ಪಾತ್ರವಾಗಿ ಬೆಳೆಯುವ ಬಿಳಿಯ ಮೊಲವೂ ಒಂದೇ ಜಾತಿಯವೆಂದು ಭಾವಿಸುವವರುಂಟು. ಅದು ಸರಿಯಲ್ಲ. ನಮ್ಮ ಕಾಡುಮೊಲವು ಬಿಲ ತೋಡದೆ ಪೊದೆಯ ಮರೆಯಲ್ಲಿ ಒಂಟಿಯಾಗಿ ಬಾಳತಕ್ಕ ಜೀವಿ. ಅದನ್ನು ಹಿಡಿದು ಸಾಕುವುದಕ್ಕೆ ಕಾನೂನಿನ ಸಮ್ಮತಿಯಿಲ್ಲ. ಸಾಕುಮೊಲದ ಮೂಲವಂಶವಾದರೋ ಸ್ಪೇನ್, ಪೋರ್ಚುಗಲ್ ದೇಶಗಳ ನೆಲದಲ್ಲಿ ಬಿಲಗಳನ್ನು ತೋಡಿ, ಗುಂಪುಗುಂಪಾಗಿ ವಾಸಿಸಿ, ತನ್ನ ಎಲ್ಲೆಯನ್ನು ಸಾರುವುದಕ್ಕೋಸ್ಕರ ಗೊತ್ತಾದ ಸ್ಥಳಗಳಲ್ಲಿ ಹಿಕ್ಕೆಯಿಡುವ ಅಭ್ಯಾಸವನ್ನು ಬೆಳೆಸಿಕೊಂಡಿತು. ಮನೆಯ ಮೊಲವು ತಾನಾಗಿಯೇ ಒಂದು ಮೂಲೆಯನ್ನು ಆರಿಸಿಕೊಳ್ಳುವುದು ಈ ಪುರಾತನ ಸಂಸ್ಕಾರದಿಂದಲೇ ಆದುದರಿಂದ, ಆ ಮೂಲೆಯಲ್ಲಿಯೇ ಅಗಲವಾದ ತಟ್ಟೆಯೊಂದನ್ನಿರಿಸಿ, ತಳಕ್ಕೆ ಹಳೆಯ ವೃತ್ತಪತ್ರಿಕೆ ಹಾಸಿ, ಮೇಲೆ ಒಣಹುಲ್ಲು ಹರಡಿದರೆ ಅರ್ಧ ಕೆಲಸ ಮುಗಿಯಿತು. ಹುಲ್ಲು ಮೆಲ್ಲುತ್ತಲೇ ಹಿಕ್ಕೆಯಿಡುವುದು ಮೊಲದ ಸ್ವಭಾವ. ಮೂತ್ರದಿಂದೇಳುವ ಅಮೋನಿಯವು ಶ್ವಾಸನಾಳಗಳನ್ನು ಕೆಡಿಸುವುದರಿಂದ ನಿತ್ಯವೂ ತಟ್ಟೆಯನ್ನು ಬರಿದುಮಾಡಬೇಕು. ಅಂಟಿದ ಸುಣ್ಣದ ಬಿಳಿಗರೆಯನ್ನು ವಿನಿಗರ್ ಬಿಡಿಸುತ್ತದೆ.

ಆದರೆ ಬರಿದುಮಾಡುವುದಕ್ಕೆ ಮೊದಲು ನೋಡಬೇಕು. ದೌರ್ಬಲ್ಯ ತೋರಿದ ಮೊಲವನ್ನೇ ಹಿಂಸ್ರಪಶುಗಳು ಮೊದಲು ಹಿಡಿಯುವುದರಿಂದ, ರೋಗವನ್ನು ಕೊನೆಯವರೆಗೂ ಮರೆಮಾಚುವುದು ಈ ಪ್ರಾಣಿಯ ಜನ್ಮಗುಣ. ಅದರ ಮುಖ ಹೇಳದುದನ್ನು ತಟ್ಟೆ ಹೇಳುತ್ತದೆ.

ಮೊಲದ ಹಿಕ್ಕೆಯಲ್ಲಿ ಎರಡು ಬಗೆ. ಒಂದು, ನಾರಿನಂಶದಿಂದಾದ ದುಂಡಗಿನ, ಒಣಗಿದ, ಒಂದೇ ಗಾತ್ರದ ಹಿಕ್ಕೆ. ಇನ್ನೊಂದರ ಕಥೆ ಸೋಜಿಗದ್ದು. ಆಹಾರದ ಸೂಕ್ಷ್ಮಾಂಶವು ಅಂಧಾಂತ್ರವೆಂಬ ದೊಡ್ಡ ಚೀಲವನ್ನು ಸೇರಿ, ಅಲ್ಲಿಯ ಸೂಕ್ಷ್ಮಜೀವಿಗಳಿಂದ ಹುದುಗಿ, ಸಸಾರಜನಕವನ್ನೂ ಬಿ ಜೀವಸತ್ವಗಳನ್ನೂ ತುಂಬಿಕೊಂಡು, ಬೂದಿಕೋಟೆಯ ಸುತ್ತಿನ ರೇಷ್ಮೆಯ ಸೀಮೆಯವರೆಲ್ಲ ಬಲ್ಲ ಹಿಪ್ಪುನೇರಳೆ ಹಣ್ಣಿನಂತೆ ಮೃದುವಾದ, ಹೊಳೆಯುವ ಗೊಂಚಲಾಗಿ ಹೊರಬರುತ್ತದೆ. ಅದು ನೆಲಕ್ಕೆ ಬೀಳುವ ಮೊದಲೇ ಮೊಲವು ಬಾಗಿ ನುಂಗಿಬಿಡುತ್ತದೆ. 1882ರಲ್ಲಿ ಮೊರೋ ಎಂಬ ಫ್ರೆಂಚ್ ಪಶುವೈದ್ಯನು ಇದನ್ನು ವಿವರಿಸಿದನು. ಇದು ಹೇಯವಲ್ಲ, ಎರಡನೆಯ ಭೋಜನ. ಇಂತಹ ಗೊಂಚಲುಗಳು ತಟ್ಟೆಯಲ್ಲಿ ಪದೇಪದೇ ಉಳಿದರೆ, ಧಾನ್ಯ ಸಿಹಿಗಳು ಮಿತಿಮೀರಿವೆಯೆಂದೋ, ಮೈ ಬೆಳೆದು ಅಥವಾ ಬೆನ್ನು ನೊಂದು ಬಾಗಲಾರದೆಂದೋ ತಿಳಿಯಬೇಕು. ಒಣಹಿಕ್ಕೆ ಕಿರಿದಾಗಿ ವಿಕಾರಗೊಂಡರೆ ಹುಲ್ಲು ಸಾಲದು, ಇಲ್ಲವೆ ಹಲ್ಲು ಕೆಟ್ಟಿದೆ. ಆಜೀವ ಬೆಳೆಯುವ ದವಡೆಹಲ್ಲುಗಳನ್ನು ಸವೆಸುವುದು ಹುಲ್ಲೇ.

ಮೂತ್ರ ಕೆಂಪಾದೊಡನೆ ಗಾಬರಿಗೊಳ್ಳಬೇಕಾಗಿಲ್ಲ, ಸಸ್ಯಗಳ ವರ್ಣದ್ರವ್ಯದಿಂದಲೂ ಹಾಗಾಗುವುದುಂಟು. ಕೆಂಪು ನಿಲ್ಲದೆ ಹೋದರೆ ಪರೀಕ್ಷಿಸಿ ರಕ್ತವಿದೆಯೇ ಎಂದು ತಿಳಿಯತಕ್ಕದ್ದು. ದೇಹಕ್ಕೆ ಹೆಚ್ಚಾದ ಸುಣ್ಣಾಂಶವನ್ನು ಮೊಲವು ಮೂತ್ರದಲ್ಲಿ ಕಳೆಯುವುದರಿಂದ ತುಸು ಮಬ್ಬು ಸಹಜ, ಗಟ್ಟಿ ಕೆಸರು ಸಹಜವಲ್ಲ.

ಎಲ್ಲಕ್ಕಿಂತ ಭಯಂಕರವಾದುದು ಬರಿದಾದ ತಟ್ಟೆ. ವಾಂತಿ ಮಾಡುವ ಶಕ್ತಿಯಿಲ್ಲದ ಈ ಜೀವಿಯ ಕರುಳು ಚಲನೆ ತೊರೆದರೆ ವಾಯು ತುಂಬಿ ಬೇಗನೆ ಪ್ರಾಣಾಪಾಯವುಂಟು. 12 ಗಂಟೆ ಹಿಕ್ಕೆಯಿಲ್ಲದೆ, ಮೇವನ್ನೂ ಮುಟ್ಟದೆ ಕುಳಿತ ಮೊಲವನ್ನು ನಾಳೆ ನೋಡೋಣವೆಂದು ಬಿಡದೆ, ಬಂಗಾರಪೇಟೆಯ ಪಶುವೈದ್ಯರಲ್ಲಿಗೋ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೋ ಆಗಲೇ ಕೊಂಡೊಯ್ಯಬೇಕು. ಜೊತೆಗೆ, ಕೊನೆಯ ಹಿಕ್ಕೆಗಳನ್ನು ಕಾಗದದಲ್ಲಿ ಕಟ್ಟಿ ಒಯ್ದರೆ ವೈದ್ಯರಿಗೆ ಉಪಕಾರವಾದೀತು.